ಬೇರೆಯಾದ ಅಪ್ಪ ಅಮ್ಮ, ಮಗುವಿನ ಜೀವನಾಂಶ: ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ತುಂಗೆಯ ದಡ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಗಂಡ ಬೇರೆಯಾಗಿ ವರ್ಷದ ಮೇಲಾಯಿತು. ಕೋರ್ಟಿಗೆ ಇನ್ನೂ ಹೋಗಿಲ್ಲ. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು, ನನ್ನ ಜೊತೆ ಇದ್ದಾಳೆ. ನಾನು ಖಾಸಗಿ ಶಾಲೆಯಲ್ಲಿ ಟೀಚರ್, ಕೈಗೆ 24,000 ಬರುತ್ತದೆ. ಅವರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ.

ಮಗಳ ಖರ್ಚಿಗೆ ತಿಂಗಳಿಗೆ 5,000 ಕೊಡುತ್ತೇನೆ ಅನ್ನುತ್ತಾರೆ. "ನಿನಗೂ ಸಂಬಳ ಬರುತ್ತಲ್ಲ" ಅನ್ನೋದು ಅವರ ಮಾತು. ನಮ್ಮ ಚಿಕ್ಕಪ್ಪ "ಶೇಕಡಾ 25 ಸಿಗುತ್ತೆ, ಅದು ಕಾನೂನು" ಎಂದರು. ಪಕ್ಕದ ಮನೆಯವರು ಮೂರನೇ ಒಂದು ಭಾಗ ಎಂದರು. ಒಬ್ಬೊಬ್ಬರದು ಒಂದೊಂದು ಲೆಕ್ಕ.

ಅವರ ಪೇ ಸ್ಲಿಪ್ ನನ್ನ ಹತ್ತಿರ ಇದೆ. ಒಟ್ಟು ಸಂಬಳ 1,10,000. ಆದಾಯ ತೆರಿಗೆ 3,900, ವೃತ್ತಿ ತೆರಿಗೆ 200, ಪಿಎಫ್ 6,000. ಇದಲ್ಲದೆ ಕಾರಿನ ಕಂತು 14,000, ಎಲ್‌ಐಸಿ 3,500 ಇದೆಯಂತೆ. ಎಲ್ಲ ಕಳೆದರೆ 82,400 ಉಳಿಯುತ್ತದೆ, ಅದರಲ್ಲೇ ಬೆಂಗಳೂರಿನ ಬಾಡಿಗೆ ಕಟ್ಟಬೇಕು ಅಂತಾರೆ. ನನಗೆ ಜಗಳ ಬೇಡ. ಮಗಳಿಗೆ ನ್ಯಾಯವಾಗಿ ಎಷ್ಟು ಬರಬೇಕು, ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ, ಅಷ್ಟು ತಿಳಿದವರು ಹೇಳಿ.

ಕೋರ್ಟ್ ರಸ್ತೆ (ಮೈಸೂರು)

ಮೇಡಂ, ನಾನು ವಕೀಲೆ. ಹೆಚ್ಚಾಗಿ ಕೌಟುಂಬಿಕ ಕೇಸುಗಳನ್ನೇ ನೋಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಈ 25ರ ಮಾತು ತುಂಬ ಜನರ ದಾರಿ ತಪ್ಪಿಸುತ್ತಿದೆ.

ನಮ್ಮ ದೇಶದಲ್ಲಿ ಮಗುವಿಗೆ ಸಂಬಳದ ಇಂತಿಷ್ಟು ಶೇಕಡಾ ಎಂದು ಯಾವ ಕಾನೂನಿನ ಯಾವ ಕಲಮಿನಲ್ಲೂ ಬರೆದಿಲ್ಲ. 25 ಎನ್ನುವುದು 2017ರಲ್ಲಿ ಸುಪ್ರೀಂ ಕೋರ್ಟ್ ಕಲ್ಯಾಣ್ ಡೇ ಚೌಧರಿ ಪ್ರಕರಣದಲ್ಲಿ ಹೇಳಿದ ಮಾತು. ಗಂಡನ ನಿವ್ವಳ ಸಂಬಳದ ಶೇಕಡಾ 25 ಹೆಂಡತಿಯ ಜೀವನಾಂಶಕ್ಕೆ ಸರಿಯಾದೀತು ಎಂದಿತ್ತು. ಅದೇ ತೀರ್ಪಿನಲ್ಲಿ ಗಂಡ ಮರುಮದುವೆಯಾಗಿ ಮಗುವಾಗಿದೆ ಎಂಬುದನ್ನು ನೋಡಿ, ಹೈಕೋರ್ಟ್ ಹಾಕಿದ್ದ 23,000ವನ್ನು 20,000ಕ್ಕೆ ಇಳಿಸಿತು. ಅಂದರೆ ಕೋರ್ಟೇ ಅದನ್ನು ಕಲ್ಲಿನಲ್ಲಿ ಕೊರೆದ ಸೂತ್ರ ಎಂದುಕೊಳ್ಳಲಿಲ್ಲ. ಮಗುವಿನ ಲೆಕ್ಕಕ್ಕೆ ಆ ಅಂಕಿಯನ್ನು ಹಿಡಿದುಕೊಂಡು ಹೋಗಬೇಡಿ.

ಈಗ ಎಲ್ಲ ಕೋರ್ಟುಗಳೂ ನೋಡುವುದು 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪನ್ನು. ಅದರ ಪ್ರಕಾರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದು ಕೊಡಬೇಕು. ಇಬ್ಬರೂ, ನೆನಪಿರಲಿ. ಮಗುವಿನ ಖರ್ಚು ಎಂದರೆ ಊಟ, ಬಟ್ಟೆ, ಇರುವ ಜಾಗ, ವೈದ್ಯಕೀಯ, ಓದು. ಜೊತೆಗೆ ಟ್ಯೂಷನ್, ಇತರ ಕಲಿಕೆಯ ತರಗತಿಗಳೂ ಸೇರುತ್ತವೆ. ಓದಿನ ಖರ್ಚನ್ನು ಸಾಮಾನ್ಯವಾಗಿ ಅಪ್ಪ ಹೊರಬೇಕು, ಆದರೆ ಅಮ್ಮ ಕೂಡ ಸಾಕಷ್ಟು ದುಡಿಯುತ್ತಿದ್ದರೆ ಇಬ್ಬರ ಆದಾಯಕ್ಕೆ ತಕ್ಕ ಹಾಗೆ ಹಂಚಿಕೊಳ್ಳಬಹುದು ಎಂದು ತೀರ್ಪು ಹೇಳುತ್ತದೆ.

ಹಾಗಾಗಿ "ನಿನಗೂ ಸಂಬಳ ಬರುತ್ತಲ್ಲ" ಎಂಬ ಮಾತಿಗೆ ಉತ್ತರ ಇಷ್ಟೇ: ಹೌದು, ಬರುತ್ತದೆ, ನನ್ನ ಪಾಲು ನಾನು ಹಾಕುತ್ತೇನೆ, ನಿಮ್ಮ ಪಾಲು ನೀವು ಹಾಕಿ. ಪಾಲು ಸಮ ಅಲ್ಲ. ಆದಾಯಕ್ಕೆ ತಕ್ಕಷ್ಟು.

ಎಲ್ಲಕ್ಕಿಂತ ಮುಖ್ಯವಾದದ್ದು: ನಿಮ್ಮ ಜೀವನಾಂಶ ಬೇರೆ, ಮಗಳ ಜೀವನಾಂಶ ಬೇರೆ. ನೀವು ನಿಮಗೆ ಒಂದು ರೂಪಾಯಿ ಕೇಳದಿದ್ದರೂ ಮಗಳದು ಹಾಗೇ ನಿಲ್ಲುತ್ತದೆ. ಅರ್ಜಿಯಲ್ಲಿ ಎರಡನ್ನೂ ಕಲಸಬೇಡಿ.

ಮಗ್ಗಿ ಪುಸ್ತಕ (ತುಮಕೂರು)

ಮೇಡಂ ಹೇಳಿದ್ದಕ್ಕೆ ಅಂಕಿ ಹಾಕಿ ತೋರಿಸುತ್ತೇನೆ. ನಾನು ಲೆಕ್ಕಪತ್ರದ ಕೆಲಸದವನು. ನನ್ನ ತಂಗಿಯ ಕೇಸಿನಲ್ಲಿ ಇದೇ ರೀತಿ ಹಾಳೆ ಮಾಡಿಕೊಟ್ಟಿದ್ದೆ.

ಮೊದಲು ಅಪ್ಪನ ಆದಾಯ. 82,400 ಅಲ್ಲ. 2024ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಬ್ಯಾಂಕ್ ಮ್ಯಾನೇಜರ್ ಒಬ್ಬರ ಕೇಸಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಜೀವನಾಂಶ ಲೆಕ್ಕ ಹಾಕುವಾಗ ಸಂಬಳದಿಂದ ಕಳೆಯಬೇಕಾದದ್ದು ಆದಾಯ ತೆರಿಗೆ ಮತ್ತು ವೃತ್ತಿ ತೆರಿಗೆ. ಪಿಎಫ್, ಎಲ್‌ಐಸಿ ಕಂತು, ಸಾಲದ ಕಂತು, ಹಬ್ಬದ ಮುಂಗಡ ಇವನ್ನೆಲ್ಲ ಕಳೆದು ತೋರಿಸುವಂತಿಲ್ಲ. ಪಿಎಫ್, ಎಲ್‌ಐಸಿ ಎಲ್ಲ ಅವರದೇ ಉಳಿತಾಯ ಅಲ್ವಾ? ಹಾಗಾಗಿ 1,10,000ದಲ್ಲಿ 4,100 ಕಳೆಯಿರಿ. ಉಳಿದದ್ದು 1,05,900. ಅವರು ಹೇಳುವುದಕ್ಕೂ ಇದಕ್ಕೂ 23,500 ವ್ಯತ್ಯಾಸ.

ನಿಮ್ಮದು 24,000. ಎರಡೂ ಸೇರಿ 1,29,900. ಅದರಲ್ಲಿ ಅಪ್ಪನ ಪಾಲು ಶೇಕಡಾ 81.5, ನಿಮ್ಮದು 18.5.

ಇನ್ನು ಮಗಳ ತಿಂಗಳ ಖರ್ಚು ಬೇಕು. ವರ್ಷಕ್ಕೊಮ್ಮೆ ಕಟ್ಟುವುದನ್ನು 12ರಿಂದ ಭಾಗಿಸಿ ಬರೆಯಿರಿ. ಬಾಡಿಗೆಯಲ್ಲಿ ಮಗಳ ಭಾಗವನ್ನೂ ಸೇರಿಸಿ, ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಇಲ್ಲಿ ಹಾಕಿ, ಕೂಡಿಸಿ ಕೊಡುತ್ತೇನೆ.

ತುಂಗೆಯ ದಡ (ಶಿವಮೊಗ್ಗ)

ಅಣ್ಣ, ತುಂಬ ಥ್ಯಾಂಕ್ಸ್. ಕೂತು ಬರೆದೆ. ಶಾಲೆ ಫೀಸು, ಪುಸ್ತಕ, ಯೂನಿಫಾರ್ಮ್ ಸೇರಿ ವರ್ಷಕ್ಕೆ 78,000. ವ್ಯಾನ್ ತಿಂಗಳಿಗೆ 1,600. ಊಟ, ಹಾಲು, ಹಣ್ಣು 4,500. ಬಾಡಿಗೆ, ಕರೆಂಟು 10,500, ಅದರಲ್ಲಿ ಮಗಳದು ಮೂರನೇ ಒಂದು ಅಂತ 3,500. ಅವಳಿಗೆ ಉಬ್ಬಸ ಇದೆ, ಔಷಧಿ, ಡಾಕ್ಟರ್ 1,500. ಬಟ್ಟೆ, ಚಪ್ಪಲಿ 1,200. ಭರತನಾಟ್ಯದ ಕ್ಲಾಸು, ಟ್ಯೂಷನ್ 1,800. ನಾನು ಬರುವವರೆಗೆ ಪಕ್ಕದ ಬೀದಿಯ ಅಜ್ಜಿ ನೋಡಿಕೊಳ್ಳುತ್ತಾರೆ, ಅವರಿಗೆ 2,000. ಭರತನಾಟ್ಯ ಸೇರಿಸಬಹುದಾ? ಅದನ್ನು ಶೋಕಿ ಅಂದುಬಿಡುತ್ತಾರೇನೋ.

ಮಗ್ಗಿ ಪುಸ್ತಕ (ತುಮಕೂರು)

ಫೀಸು ತಿಂಗಳಿಗೆ 6,500 ಆಯಿತು. ಎಲ್ಲ ಸೇರಿ 22,600. ಅದರ ಶೇಕಡಾ 81.5 ಅಂದರೆ ಸುಮಾರು 18,400. ನಿಮ್ಮ ಪಾಲು 4,200. ಮಗಳಿಗೆ ಅಪ್ಪನಿಂದ ತಿಂಗಳಿಗೆ 18,400 ಕೇಳುವುದು ನ್ಯಾಯವಾದ ಬೇಡಿಕೆ. ಅಪ್ಪನಿಗೆ ಆಮೇಲೂ 87,500 ಉಳಿಯುತ್ತದೆ. ಕಾರಿನ ಕಂತು, ಪಿಎಫ್, ಎಲ್‌ಐಸಿ ಎಲ್ಲ ಕಟ್ಟಿದ ಮೇಲೂ 64,000 ಕೈಯಲ್ಲಿರುತ್ತದೆ. ಬೆಂಗಳೂರಿನಲ್ಲಿ ಒಬ್ಬರು ಬದುಕಲು ಆಗದ ಮೊತ್ತ ಅಲ್ಲ ಅದು.

ಇನ್ನೊಂದು ಕಡೆಯಿಂದಲೂ ತಾಳೆ ನೋಡಬಹುದು. ದೆಹಲಿ ಹೈಕೋರ್ಟ್ 2004ರಲ್ಲಿ ಅನುರಿತಾ ವೋಹ್ರಾ ಕೇಸಿನಲ್ಲಿ ಒಂದು ದಾರಿ ಹೇಳಿತ್ತು. ಮನೆಯ ಆದಾಯವನ್ನು ಪಾಲು ಮಾಡಿ, ದುಡಿಯುವವರಿಗೆ ಎರಡು ಪಾಲು, ಉಳಿದವರಿಗೆ ತಲಾ ಒಂದು. ನಿಮ್ಮಲ್ಲಿ ಇಬ್ಬರೂ ದುಡಿಯುತ್ತೀರಿ. ಇಬ್ಬರಿಗೂ ಎರಡೆರಡು, ಮಗಳಿಗೆ ಒಂದು ಎಂದು ನಾನು ಹಾಕಿ ನೋಡಿದೆ. 1,29,900 ಭಾಗ ಐದು, ಮಗಳ ಪಾಲು 25,980. ನಿಮ್ಮ ಪಟ್ಟಿ 22,600. ಅಂದರೆ ನಿಮ್ಮ ಪಟ್ಟಿಯಲ್ಲಿ ಉತ್ಪ್ರೇಕ್ಷೆ ಇಲ್ಲ.

ಕೋರ್ಟ್ ರಸ್ತೆ (ಮೈಸೂರು)

ಭರತನಾಟ್ಯ ಖಂಡಿತ ಸೇರಿಸಿ. ಅಪ್ಪ ಅಮ್ಮ ಒಟ್ಟಿಗಿದ್ದಾಗ ಮಗು ಹೇಗೆ ಬೆಳೆಯುತ್ತಿತ್ತೋ ಅದನ್ನೂ ಕೋರ್ಟ್ ನೋಡುತ್ತದೆ. ಕ್ಲಾಸಿಗೆ ಹೋಗುತ್ತಿರುವುದಕ್ಕೆ ರಸೀದಿ ಇಟ್ಟುಕೊಳ್ಳಿ. ಅಜ್ಜಿಗೆ ಕೊಡುವ 2,000ವನ್ನು ನಗದಾಗಿ ಕೊಡಬೇಡಿ, ಫೋನ್‌ಪೇ ಮಾಡಿ.

ಪೇಡಾ ನಗರ (ಧಾರವಾಡ)

ನಾನು ಅಪ್ಪನ ಕಡೆಯಿಂದ ಒಂದೆರಡು ಮಾತು ಹೇಳಬೇಕು. ನನ್ನ ಮಗ ಅವರಮ್ಮನ ಹತ್ತಿರ ಇದ್ದಾನೆ. ದುಡ್ಡು ಕೊಡಲು ನನಗೆ ಬೇಜಾರಿಲ್ಲ. ಬೇಜಾರಾಗುವುದು ದುಡ್ಡು ಎಲ್ಲಿಗೆ ಹೋಯಿತು ಎಂದು ತಿಳಿಯದಿದ್ದಾಗ. ಖರ್ಚಿನ ಪಟ್ಟಿ ಕೇಳಿದರೆ ಜಗಳ. ಕೊನೆಗೆ ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂತು ಒಂದು ದಾರಿ ಮಾಡಿಕೊಂಡೆವು. ಶಾಲೆ ಫೀಸು ನಾನು ನೇರ ಶಾಲೆಯ ಖಾತೆಗೆ ಕಟ್ಟುತ್ತೇನೆ. ಆರೋಗ್ಯ ವಿಮೆಯಲ್ಲಿ ಮಗನ ಹೆಸರು ನನ್ನ ಪಾಲಿಸಿಯಲ್ಲೇ ಇದೆ. ಉಳಿದದ್ದು ಐದನೇ ತಾರೀಖಿನೊಳಗೆ ಅವರ ಖಾತೆಗೆ. ಅಂದಿನಿಂದ ಮಾತಿನ ಬಿಸಿ ಬಹಳ ಕಡಿಮೆಯಾಯಿತು.

ಇದನ್ನು ಕೇಳಿದವರಿಗೂ ಹೇಳುತ್ತೇನೆ. ನಿಮ್ಮ ಯಜಮಾನರಿಗೆ ಮಗಳ ಖರ್ಚಿನ ಪಟ್ಟಿಯನ್ನು ಇದೇ ರೂಪದಲ್ಲಿ ಕಳಿಸಿ. 5,000 ಎಂದವರು ಬಹುಶಃ ಶಾಲೆ ಫೀಸು ಎಷ್ಟಿದೆ ಎಂದು ಈಚೆಗೆ ನೋಡಿಯೇ ಇರಲಿಕ್ಕಿಲ್ಲ.

ಒಂದು ಪ್ರಶ್ನೆ ವಕೀಲರಿಗೆ. ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿಗೆ ಹಾಕುವ ದುಡ್ಡನ್ನು ಜೀವನಾಂಶ ಎಂದು ತೋರಿಸಬಹುದೇ? ನನ್ನ ಗೆಳೆಯ ಹಾಗೆ ಮಾಡುತ್ತಿದ್ದಾನೆ.

ಕೋರ್ಟ್ ರಸ್ತೆ (ಮೈಸೂರು)

ಆಗುವುದಿಲ್ಲ ಸರ್. ಸುಕನ್ಯಾ ಖಾತೆಯಿಂದ ಓದಿಗೆ ದುಡ್ಡು ತೆಗೆಯಬೇಕಾದರೂ ಮಗಳಿಗೆ 18 ಆಗಬೇಕು ಅಥವಾ ಹತ್ತನೇ ತರಗತಿ ಪಾಸಾಗಬೇಕು. ಈ ತಿಂಗಳ ಹಾಲಿಗೆ ಅದು ಬರುವುದಿಲ್ಲ. ಹಾಕುವುದು ಒಳ್ಳೆಯದೇ, ಆದರೆ ಅದು ತಿಂಗಳ ಜೀವನಾಂಶದ ಮೇಲೆ ಹೆಚ್ಚುವರಿ.

ಫೀಸನ್ನು ನೇರ ಶಾಲೆಗೆ ಕಟ್ಟುವುದು ಒಳ್ಳೆಯ ಪದ್ಧತಿ. ಶಿವಮೊಗ್ಗದ ಮೇಡಂ ಲೆಕ್ಕದಲ್ಲಿ ಅಪ್ಪ 6,500ರ ಲೆಕ್ಕದ ಫೀಸನ್ನು ಪೂರ್ತಿ ಶಾಲೆಗೆ ಕಟ್ಟಿದರೆ, ಅಮ್ಮನ ಖಾತೆಗೆ 11,900 ಬಂದರೆ ಸಾಕು. ಒಟ್ಟು ಪಾಲು ಬದಲಾಗುವುದಿಲ್ಲ.

ಅಡಿಕೆ ಸೀಮೆ (ಸಾಗರ)

ಸಂಬಳದವರದ್ದು ಸುಲಭ. ನನ್ನ ಗಂಡನ ಮನೆಯದು ಅಡಿಕೆ ತೋಟ. ಪೇ ಸ್ಲಿಪ್ಪೂ ಇಲ್ಲ, ಇನ್‌ಕಮ್ ಟ್ಯಾಕ್ಸೂ ಇಲ್ಲ. "ಕೊಳೆ ಬಂತು, ಎಲೆಚುಕ್ಕಿ ಬಂತು, ಏನೂ ಉಳಿದಿಲ್ಲ" ಅಂತಾರೆ. ತೋಟ ಮಾವನ ಹೆಸರಲ್ಲಿದೆ. ಇಬ್ಬರು ಮಕ್ಕಳು ನನ್ನ ತವರಿನಲ್ಲಿ ಓದುತ್ತಿದ್ದಾರೆ. ನಾನು ಏನು ತೋರಿಸಲಿ?

ಕೋರ್ಟ್ ರಸ್ತೆ (ಮೈಸೂರು)

ಅಕ್ಕ, ರಜನೀಶ್ ತೀರ್ಪಿನಲ್ಲೇ ಕೃಷಿಕರಿಗೆ ಅಂತ ಬೇರೆ ಅಫಿಡವಿಟ್ ನಮೂನೆ ಇದೆ. ಎಷ್ಟು ಜಮೀನು, ಏನು ಬೆಳೆ, ಎಷ್ಟು ಆದಾಯ ಎಲ್ಲವನ್ನೂ ಅವರೇ ಬರೆಯಬೇಕು. ನೀವು ಮಾಡಬೇಕಾದದ್ದು ಅವರು ಬರೆದದ್ದನ್ನು ಅಳೆಯಲು ಬೇಕಾದ ಕಾಗದ ಕೂಡಿಹಾಕುವುದು. ಪಹಣಿಯನ್ನು ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆಯಬಹುದು. ಸರ್ವೆ ನಂಬರ್ ಗೊತ್ತಿದ್ದರೆ ಸಾಕು. ಅಡಿಕೆ ಯಾವ ಮಂಡಿಗೆ ಹೋಗುತ್ತದೆ, ಮ್ಯಾಮ್‌ಕೋಸ್ ಸಹಕಾರ ಸಂಘಕ್ಕೋ ಖಾಸಗಿಯವರಿಗೋ, ಅದನ್ನು ಬರೆದಿಡಿ. ಕೋರ್ಟಿಗೆ ಅರ್ಜಿ ಹಾಕಿ ಅಲ್ಲಿಂದ ಮಾರಾಟದ ಬಿಲ್ಲು ತರಿಸಬಹುದು. ಸೊಸೈಟಿಯಲ್ಲಿ ಬೆಳೆ ಸಾಲ ತೆಗೆದಿದ್ದರೆ ಅಲ್ಲಿ ಬೆಳೆ, ವಿಸ್ತೀರ್ಣ ಎರಡೂ ದಾಖಲಾಗಿರುತ್ತದೆ.

ತೋಟ ಪಿತ್ರಾರ್ಜಿತವಾದರೆ ಅದರಲ್ಲಿ ಮಗನಿಗೆ ಪಾಲಿದೆ. ಪಹಣಿಯಲ್ಲಿ ಮಾವನ ಹೆಸರಿದೆ ಎಂದ ಮಾತ್ರಕ್ಕೆ ಗಂಡನಿಗೆ ಆದಾಯವೇ ಇಲ್ಲ ಎಂದಾಗುವುದಿಲ್ಲ. ಮಾವನ ಸ್ವಯಾರ್ಜಿತವಾದರೆ ಮಾತು ಬೇರೆ, ಆಗ ಅಲ್ಲಿ ದುಡಿಯುವ ಮಗನ ಸಂಪಾದನೆ ಎಷ್ಟು ಎಂದು ನೋಡಬೇಕು. ಎಲೆಚುಕ್ಕಿ ರೋಗ ನಿಜ, ಬೆಳೆ ಕಡಿಮೆಯಾದದ್ದೂ ನಿಜ ಇರಬಹುದು. ಅದಕ್ಕೇ ಒಂದು ವರ್ಷದ್ದಲ್ಲ, ಮೂರು ವರ್ಷದ ಬಿಲ್ಲು ಕೇಳಿ.

ತೋಟದವರಿಗೆ ದುಡ್ಡು ಬರುವುದು ಅಡಿಕೆ ಮಾರಿದಾಗ. ತಿಂಗಳು ತಿಂಗಳು ಕೊಡುವುದು ನಿಜಕ್ಕೂ ಕಷ್ಟವಾದರೆ, ರಾಜಿಯಲ್ಲಿ ಮಕ್ಕಳ ವರ್ಷದ ಫೀಸನ್ನು ಒಂದೇ ಸಲ ಕಟ್ಟುವ ಹಾಗೆ, ಉಳಿದ ಖರ್ಚಿಗೆ ಸಣ್ಣ ಮಾಸಿಕ ಮೊತ್ತ ಬರುವ ಹಾಗೆ ಬರೆಸಿ.

ಕೆಂಪು ಬಸ್ಸು (ಹಾಸನ)

ಕೆಲಸವೇ ಬಿಟ್ಟುಬಿಟ್ಟೆ ಎಂದರೆ? ನಮ್ಮ ಅಕ್ಕನ ಗಂಡ ನೋಟಿಸ್ ಬಂದ ಮೇಲೆ ರಾಜೀನಾಮೆ ಕೊಟ್ಟು ಕೂತಿದ್ದಾರೆ.

ಕೋರ್ಟ್ ರಸ್ತೆ (ಮೈಸೂರು)

2022ರಲ್ಲಿ ಅಂಜು ಗಾರ್ಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ದೇಹ ಗಟ್ಟಿಯಿದ್ದರೆ ಮೈಮುರಿದು ದುಡಿದಾದರೂ ಹೆಂಡತಿ, ಮಕ್ಕಳನ್ನು ನೋಡಿಕೊಳ್ಳುವುದು ಗಂಡನ ಕರ್ತವ್ಯ. ಅವರ ಓದು, ಹಿಂದಿನ ಸಂಬಳ ನೋಡಿ ಕೋರ್ಟ್ ಒಂದು ಅಂದಾಜು ಆದಾಯ ಹಿಡಿಯುತ್ತದೆ. ಹಿಂದಿನ ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ಏನಿದ್ದರೂ ಜೋಪಾನ ಮಾಡಿ.

ಡಲ್ಲಾಸ್ ಕನ್ನಡಿಗ (ಟೆಕ್ಸಾಸ್)

ಇಲ್ಲಿ ಇದು ಪೂರ್ತಿ ಬೇರೆ. ಟೆಕ್ಸಾಸ್‌ನಲ್ಲಿ ಕಾನೂನೇ ಶೇಕಡಾವಾರು ಬರೆದಿಟ್ಟಿದೆ. ಒಂದು ಮಗುವಿಗೆ ನಿವ್ವಳ ಆದಾಯದ 20, ಇಬ್ಬರಿಗೆ 25, ಮೂವರಿಗೆ 30. ಮೇಲೊಂದು ಮಿತಿ ಇದೆ. ದುಡ್ಡು ಕಂಪನಿಯೇ ಸಂಬಳದಿಂದ ಹಿಡಿದು ಕಳಿಸುತ್ತದೆ. ನನ್ನ ಊರಿನ ಗೆಳೆಯನೊಬ್ಬ ಇಲ್ಲಿಂದ ಮಂಡ್ಯಕ್ಕೆ ವಾಪಸ್ ಹೋದ ಮೇಲೆ ಇಲ್ಲಿನ 20 ಹಿಡಿದುಕೊಂಡೇ ಅಲ್ಲಿ ವಾದ ಮಾಡುತ್ತಿದ್ದ. ಬ್ರಿಟನ್ನಿನಲ್ಲಿರುವ ನನ್ನ ಅಣ್ಣ ಹೇಳುವ ಹಾಗೆ ಅಲ್ಲಿ ಒಂದು ಮಗುವಿಗೆ ಮೂಲ ದರ 12, ಅದೂ ತೆರಿಗೆ ಕಳೆಯುವ ಮುಂಚಿನ ಆದಾಯದ ಮೇಲೆ. ಮಗು ಅಪ್ಪನ ಮನೆಯಲ್ಲಿ ವರ್ಷಕ್ಕೆ 52 ರಾತ್ರಿ ಅಥವಾ ಅದಕ್ಕಿಂತ ಜಾಸ್ತಿ ಮಲಗಿದರೆ ಅದರಲ್ಲೂ ಕಡಿತ.

ನನಗೆ ಭಾರತದ ಪದ್ಧತಿಯಲ್ಲಿ ಹಿಡಿಸುವುದು ಅದು ಮಗುವಿನ ಖರ್ಚಿನಿಂದ ಶುರುವಾಗುತ್ತದೆ ಎನ್ನುವುದು. ಹಿಡಿಸದ್ದು ಒಂದೇ ಥರದ ಕುಟುಂಬಗಳಿಗೆ ಎರಡು ಕೋರ್ಟಿನಲ್ಲಿ ಎರಡು ಥರದ ಮೊತ್ತ ಬರುತ್ತದೆ ಎನ್ನುವುದು. ಇಲ್ಲಿ ಯಾರು ಬೇಕಾದರೂ ಕ್ಯಾಲ್ಕುಲೇಟರ್ ಹಿಡಿದು ಮೊದಲೇ ಅಂದಾಜು ಮಾಡಬಹುದು.

ಮಗ್ಗಿ ಪುಸ್ತಕ (ತುಮಕೂರು)

ನಿಜ. ಅದಕ್ಕೇ ನಮ್ಮಲ್ಲಿ ಹಾಳೆ ಇಷ್ಟು ಮುಖ್ಯ. ಸೂತ್ರ ಇಲ್ಲದ ಕಡೆ ಯಾರ ಹತ್ತಿರ ಬಿಲ್ಲು ಸಮೇತ ಲೆಕ್ಕ ಇದೆಯೋ ಅವರ ಅಂಕಿಯಿಂದಲೇ ಮಾತು ಶುರುವಾಗುತ್ತದೆ. ಬರೀ "20,000 ಕೊಡಿಸಿ" ಎಂದರೆ ಎದುರಿನವರು 5,000 ಎನ್ನುತ್ತಾರೆ, ಮಧ್ಯದಲ್ಲಿ ಎಲ್ಲೋ ನಿಲ್ಲುತ್ತದೆ. ಅದು ಮಗುವಿನ ಲೆಕ್ಕ ಅಲ್ಲ, ಚೌಕಾಸಿ.

ಬಿದರಿ (ಬೀದರ್)

ನಾನು ಮುಸ್ಲಿಂ. ತಲಾಕ್ ಆಗಿದೆ. ಮಗನಿಗೆ ಎರಡು ವರ್ಷ ತುಂಬುವವರೆಗೆ ಮಾತ್ರ ಅಪ್ಪ ಕೊಡಬೇಕು, ಆಮೇಲೆ ಇಲ್ಲ ಎಂದು ಅವರ ಕಡೆಯವರು ಹೇಳುತ್ತಾರೆ. ಹೌದಾ?

ಕೋರ್ಟ್ ರಸ್ತೆ (ಮೈಸೂರು)

ಇಲ್ಲ ತಂಗಿ. 1986ರ ಮುಸ್ಲಿಂ ಮಹಿಳೆಯರ (ವಿಚ್ಛೇದನದ ಹಕ್ಕುಗಳ ರಕ್ಷಣೆ) ಕಾಯ್ದೆಯ ಎರಡು ವರ್ಷದ ಮಾತು ವಿಚ್ಛೇದಿತ ಅಮ್ಮನ ಹಕ್ಕಿನದು, ಅದು ಬೇರೆ. ಮಕ್ಕಳಿಗೆ ಅವರ ಸ್ವಂತ ಹಕ್ಕಿದೆ, ಅದು ಎರಡು ವರ್ಷಕ್ಕೆ ಮುಗಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಜೀವನಾಂಶದ ಕಲಮು ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125, ಈಗ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144. ಈ ಕಲಮು ಎಲ್ಲ ಧರ್ಮದವರಿಗೂ ಒಂದೇ. ಮದುವೆಯಾಗದೆ ಹುಟ್ಟಿದ ಮಕ್ಕಳಿಗೂ ಅನ್ವಯಿಸುತ್ತದೆ.

18 ವರ್ಷದವರೆಗೆ ಇದು ಸಿಗುತ್ತದೆ. ಮಗುವಿಗೆ ಅಂಗವೈಕಲ್ಯ ಇದ್ದು ದುಡಿಯಲು ಆಗದಿದ್ದರೆ ಅದರಾಚೆಗೂ. ಹಿಂದೂ ಕುಟುಂಬದ ಮದುವೆಯಾಗದ ಮಗಳು ತನ್ನನ್ನು ತಾನು ನೋಡಿಕೊಳ್ಳಲಾಗದಿದ್ದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನಲ್ಲಿ 18ರ ನಂತರವೂ ಕೇಳಬಹುದು. ಅದೇ ಕಲಮು ಅಮ್ಮನನ್ನೂ ಹೊಣೆ ಮಾಡುತ್ತದೆ. ಮಕ್ಕಳು ಅಪ್ಪನ ಹತ್ತಿರ ಇದ್ದು ಅಮ್ಮ ಚೆನ್ನಾಗಿ ದುಡಿಯುತ್ತಿದ್ದರೆ, ಅಪ್ಪ ಕೂಡ ಅಮ್ಮನ ಪಾಲು ಕೇಳಬಹುದು.

ಪೇಡಾ ನಗರ (ಧಾರವಾಡ)

ಕೊನೆಯ ಸಾಲು ಬರೆದದ್ದಕ್ಕೆ ಥ್ಯಾಂಕ್ಸ್ ಮೇಡಂ. ಬಹಳ ಜನ ಅಪ್ಪಂದಿರಿಗೆ ಗೊತ್ತಿಲ್ಲ.

ತುಂಗೆಯ ದಡ (ಶಿವಮೊಗ್ಗ)

ಎರಡು ಅನುಮಾನ ಉಳಿದಿವೆ. "ಒಟ್ಟಿಗೆ 3 ಲಕ್ಷ ಕೊಡುತ್ತೇನೆ, ಮುಂದೆ ಮಗಳ ಬಗ್ಗೆ ಏನೂ ಕೇಳುವುದಿಲ್ಲ ಅಂತ ಬರೆದುಕೊಡು, ಒಪ್ಪಿಗೆಯ ಡೈವೋರ್ಸ್ ಮಾಡೋಣ" ಎಂದೂ ಒಮ್ಮೆ ಹೇಳಿದ್ದರು. ಮತ್ತೆ, ದುಡ್ಡು ಕೊಡದಿದ್ದರೆ ಮಗಳನ್ನು ನೋಡಲು ಬಿಡಬೇಡ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ.

ಕೋರ್ಟ್ ರಸ್ತೆ (ಮೈಸೂರು)

ಹಾಗೆ ಬರೆದುಕೊಡಬೇಡಿ. ಜೀವನಾಂಶ ಮಗಳ ಹಕ್ಕು, ಅದನ್ನು ಬಿಟ್ಟುಕೊಡಲು ನಿಮಗೆ ಅಧಿಕಾರ ಇಲ್ಲ. ಬರೆದುಕೊಟ್ಟರೂ ಅದು ಮಗಳ ದಾರಿ ಮುಚ್ಚುವುದಿಲ್ಲ. ಹೆಂಡತಿಯ ವಿಷಯದಲ್ಲೇ ನಮ್ಮ ಕರ್ನಾಟಕದ ನಾಗೇಂದ್ರಪ್ಪ ನಾಟಿಕಾರ್ ಕೇಸಿನಲ್ಲಿ 8,000 ರೂಪಾಯಿಗೆ ರಾಜಿಯಾಗಿದ್ದರೂ ಮತ್ತೆ ಜೀವನಾಂಶ ಕೇಳಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ಆ ಕಾಗದ ಇದ್ದರೆ ಸುಮ್ನೆ ವರ್ಷಗಟ್ಟಲೆ ವಾದ. 3 ಲಕ್ಷವನ್ನು ನಿಮ್ಮ ಲೆಕ್ಕದ 18,400ರಿಂದ ಭಾಗಿಸಿ ನೋಡಿ, ಹದಿನಾರು ತಿಂಗಳಿಗೆ ಮುಗಿಯಿತು. ಮಗಳಿಗೆ 18 ಆಗಲು ಇನ್ನೂ ಹತ್ತು ವರ್ಷ ಇದೆ.

ಎರಡನೆಯದು. ದುಡ್ಡಿಗೂ ಮಗಳ ಭೇಟಿಗೂ ಗಂಟು ಹಾಕಬೇಡಿ. ಅಪ್ಪ ಕೊಡದಿದ್ದರೆ ವಸೂಲಿಗೆ ಬೇರೆ ದಾರಿ ಇದೆ. ಹಾಗೇ ಭೇಟಿಗೆ ಬಿಡಲಿಲ್ಲ ಎಂದು ಅಪ್ಪ ದುಡ್ಡು ನಿಲ್ಲಿಸುವಂತೆಯೂ ಇಲ್ಲ. ಅಪ್ಪನನ್ನು ನೋಡುವುದೂ ಮಗಳ ಹಕ್ಕೇ.

ವಸೂಲಿಯಲ್ಲಿ ಒಂದು ಗಡುವು ನೆನಪಿಡಿ. 144ನೇ ಕಲಮಿನ ಆದೇಶದ ಬಾಕಿಗೆ, ಅದು ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಇಂದಲ್ಲ ನಾಳೆ ಕೊಡುತ್ತಾರೆ" ಎಂದು ಕಾದರೆ ಹಳೆಯ ತಿಂಗಳುಗಳಿಗೆ ವಾರಂಟ್ ಸಿಗುವುದಿಲ್ಲ. ಕೊಡದೇ ಹೋದರೆ ಬಾಕಿಯ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗಿದೆ. ಜೀವನಾಂಶಕ್ಕೆ ಸಿವಿಲ್ ಡಿಕ್ರಿ (ಸಿವಿಲ್ ಕೋರ್ಟಿನ ತೀರ್ಪು) ಆದರೆ ಸಂಬಳದ ಮೂರನೇ ಎರಡು ಭಾಗದವರೆಗೂ ಜಪ್ತಿ ಮಾಡಬಹುದು. ಬೇರೆ ಸಾಲದ ಡಿಕ್ರಿಗಳಿಗೆ ಅಷ್ಟು ಸಿಗುವುದಿಲ್ಲ.

ಇನ್ನೊಂದು, ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕಕ್ಕೆ ಬರುತ್ತದೆ ಎಂದು ರಜನೀಶ್ ತೀರ್ಪು ಹೇಳಿದೆ. ಆದೇಶದ ದಿನದಿಂದ ಅಲ್ಲ. ಮಾತುಕತೆ ನಡೆಸಿ, ಆದರೆ ಅದರ ಹೆಸರಿನಲ್ಲಿ ಇನ್ನೊಂದು ವರ್ಷ ಕಳೆಯಬೇಡಿ. ಬೆಂಗಳೂರಿಗೆ ಓಡಾಡಬೇಕಿಲ್ಲ, ನೀವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಮಗ್ಗಿ ಪುಸ್ತಕ (ತುಮಕೂರು)

ರಾಜಿಯಾದರೆ ವರ್ಷಕ್ಕೆ ಇಷ್ಟು ಏರಿಕೆ ಎಂದು ಬರೆಸುವುದು ಮರೆಯಬೇಡಿ. ಈಗಿನ 18,400 ಇವತ್ತಿನ ಮೂರನೇ ಕ್ಲಾಸಿನ ಲೆಕ್ಕ. ವರ್ಷಕ್ಕೆ ಶೇಕಡಾ 7 ಏರಿಕೆ ಎಂದಿಟ್ಟರೂ ಐದು ವರ್ಷದ ನಂತರ 25,800 ಆಗುತ್ತದೆ. ಹಾಗೆ ಬರೆಯದಿದ್ದರೆ ಹೈಸ್ಕೂಲಿಗೆ ಹೋದಾಗ ಹೆಚ್ಚು ಮಾಡಿ ಎಂದು ಮತ್ತೆ ಅರ್ಜಿ ಹಾಕಿ ಅಲೆಯಬೇಕು.

ತುಂಗೆಯ ದಡ (ಶಿವಮೊಗ್ಗ)

ಎಲ್ಲರಿಗೂ ಕೈಮುಗಿದೆ. ಭಾನುವಾರ ಹಾಳೆ ಸಿದ್ಧ ಮಾಡುತ್ತೇನೆ. ಫೀಸಿನ ರಸೀದಿ, ಔಷಧಿ ಅಂಗಡಿ ಬಿಲ್ಲು ಜೊತೆಗಿಟ್ಟು ಮೊದಲು ಅವರಿಗೇ ಕಳಿಸುತ್ತೇನೆ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುತ್ತೇನೆ. ಔಷಧಿಗೆ ಹಳೆಯ ಬಿಲ್ಲುಗಳಿಲ್ಲ, ಏನು ಮಾಡಲಿ?

ಕೋರ್ಟ್ ರಸ್ತೆ (ಮೈಸೂರು)

ಮಕ್ಕಳ ಡಾಕ್ಟರ ಹತ್ತಿರ ಉಬ್ಬಸಕ್ಕೆ ಎಂದಿನಿಂದ ಚಿಕಿತ್ಸೆ ನಡೆಯುತ್ತಿದೆ, ಯಾವ ಔಷಧಿ ಎಂದು ಒಂದು ಚೀಟಿ ಬರೆಸಿಕೊಳ್ಳಿ. ಈ ತಿಂಗಳಿನಿಂದ ಬಿಲ್ಲು ಕೇಳಿ ಪಡೆಯಿರಿ. ಅಷ್ಟು ಸಾಕು.